ಹೆಂಡತಿಗೇ ಚಾದರ ಹಾಸಿದೆ

ಗೆಳೆಯರೇ, ಇಂದು ಸೋಲಾಪುರದ ನನ್ನ ಚಾದರದ ಅಂಗಡಿಗೆ ಹೆಂಗಸೊಬ್ಬರು ಬಂದರು. ಮುಖ ನೋಡದೆ, ರೂಢಿಯ ನಗು ನಗುತ್ತಾ, "ಬರ್ರಿ ಅಕ್ಕಾರ, ಕುಂಡ್ರಿ, ಏನ್ ತೋರಸ್ಲಿ?" ಎಂದು ಒಂದು ಚಾದರ ಕೊಡವಿ ಹಾಸಿಯೇಬಿಟ್ಟೆ.

ಬಂದವಳು ಊಟದ ಡಬ್ಬಿ ತಂದ ನನ್ನ ಹೆಂಡತಿ.

ಅವಳು ಸಿಟ್ಟಾಗಲಿಲ್ಲ. ಗಾದಿಯ ಮೇಲೆ ಕುಳಿತು, "ಚಾದರ ಬ್ಯಾಡ್ರಿ ಶೇಠ. ಭಾಳ ದಿನ ಆತು, ನಮ್ಮ ಮನಿಯವ್ರು ಕಾಣವಲ್ರು. ಸ್ಟಾಕಿನ್ಯಾಗ ಅದಾರೇನು ನೋಡ್ರಿ" ಎಂದಳು.

ನಕ್ಕೆ. ಅವಳು ನಗಲಿಲ್ಲ.

"ಖರೇ ಹೇಳ್ರಿ, ಹ್ಯಾಂಗದೀರಿ?"

"ಏಕದಮ್ ಮಜೇತ್, ಭಾಳ ಆರಾಮ."

"ಅದು ಗಿರಾಕಿಗೆ ಹೇಳೂ ಮಾತು."

ನಿದ್ದೆ ಬರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದು ಡಬ್ಬಿ ಬಿಚ್ಚುತ್ತಾ ಹೇಳಿಬಿಟ್ಟೆ.

ನಾಳೆ ಇಬ್ಬರೂ ಡಾಕ್ಟರ ಬಳಿ ಹೋಗುತ್ತೇವೆ, ಅಂಗಡಿ ಬಂದ್. ಚಾದರ ಬೇಕಾದವರು ನಾಡಿದ್ದು ಬನ್ನಿ. ಅದಕ್ಕೂ ಮೊದಲು ಒಂದು ಗಂಡನ ಆರ್ಡರ್ ಬಾಕಿಯಿದೆ.