ಚಿನ್ನಪ್ಪನವರು ಪೀಠಸೇವೆಗೆ ನಿಂತದ್ದು

ಮಿತ್ರರೇ, ಇಂದು ಬೆಳಿಗ್ಗೆ ಹನೂರಿನ ಬಳಿಯ ನಮ್ಮ ಚರ್ಚಿನಲ್ಲಿ, ನನ್ನ ಧರ್ಮೋಪದೇಶ ತರಗತಿಯ ಜೆಸಿಂತ ಮೊದಲ ಬಾರಿಗೆ ಪೂಜೆಯಲ್ಲಿ ಗುರುಗಳಿಗೆ ನೆರವಾಗಲು ಬಿಳಿ ನಿಲುವಂಗಿ ತೊಟ್ಟು ಸಿದ್ಧಳಾಗಿದ್ದಳು. ಗುರುಗಳೇ ಒಪ್ಪಿದ್ದರು. ಊರಿನ ಹಿರಿಯರಾದ ಚಿನ್ನಪ್ಪನವರು ಮಾತ್ರ ಅವಳನ್ನು ಬಾಗಿಲಲ್ಲೇ ತಡೆದರು.

"ಎಣ್ಮಕ್ಳು ಪೀಠ ಅತ್ತೋದು ಎಲ್ಲಾರ ಉಂಟಾ ಟೀಚರಮ್ಮ?"

"ಸೇವೆಗೆ ಹುಡುಗರು ಯಾರೂ ಬಂದಿಲ್ಲ. ಪೂಜೆಯ ನಡುವೆ ಗಂಟೆ ಬಾರಿಸುವವರು ಯಾರು?" ಎಂದೆ.

"ನಾನಿಲ್ವಾ? ಚಿಕ್ಕೋನಾಗಿದ್ದಾಗ ನಾನೇ ಬಾರುಸ್ತಿದ್ದೆ ಕಣ್ರಿ!"

ಗುರುಗಳು ನಕ್ಕು ಅವರನ್ನೇ ಕರೆದುಕೊಂಡು ಪೀಠದತ್ತ ನಡೆದರು. ಜೆಸಿಂತ ಕಣ್ಣೊರೆಸಿಕೊಂಡು ನನ್ನ ಪಕ್ಕ ಕುಳಿತಳು.

ಚಿನ್ನಪ್ಪನವರು ಪೀಠದ ಬಳಿ ಮಂಡಿಯೂರಿ, ಗುರುಗಳು ಪರಮಪ್ರಸಾದವನ್ನು ಎತ್ತಿ ಹಿಡಿದಾಗ ಅಚ್ಚುಕಟ್ಟಾಗಿ ಗಂಟೆ ಬಾರಿಸಿದರು. ಅನಂತರ ಏಳಲಾಗಲಿಲ್ಲ. ಸಭೆಯೆಲ್ಲ ಎದ್ದು ನಿಂತಿತು. ಅವರೊಬ್ಬರೇ ನೆಲದ ಮೇಲೆ. ನಾನು ಕಣ್ಸನ್ನೆ ಮಾಡುವ ಮೊದಲೇ ಜೆಸಿಂತ ಹೋಗಿ, ಕೈಕೊಟ್ಟು ಎಬ್ಬಿಸಿದಳು. ಪೂಜೆ ಮುಗಿಯುವವರೆಗೂ ಅಲ್ಲೇ ನಿಂತು ಉಳಿದ ಸೇವೆಯನ್ನೆಲ್ಲ ಮಾಡಿದಳು.

ಹೊರಗೆ ಬಂದ ಮೇಲೆ ಚಿನ್ನಪ್ಪನವರು ಮಂಡಿ ತಿಕ್ಕಿಕೊಳ್ಳುತ್ತ ಅವಳಿಗೆ ಹೇಳಿದರು: "ಮುಂದಿನ್ ಭಾನ್ವಾರದಿಂದ ನೀನೇ ಮಾಡವ್ವ. ಗಂಟೆ ಮಾತ್ರ ಜೋರಾಗ್ ಬಾರ್ಸು, ತೂಕಡ್ಸೋರು ಏಳ್ಲಿ."

ಗುರುಗಳ ಅನುಮತಿಗೆ ಬಗ್ಗದ ಹಟ ಮಂಡಿನೋವಿಗೆ ಬಗ್ಗಿತು. ಉತ್ತರ ಸರಿಯಾಗಿಯೇ ಬಂದಿದೆ. ವಿಧಾನಕ್ಕಾಗಿ ನಾನು ಅಂಕ ಕಳೆಯಲಿಲ್ಲ.