ರಾಣಿಯ ಅಂಗಿಗೆ ಜೇಬು

ನಮ್ಮ ಸೋದರತ್ತೆ ದರ್ಜಿ. ಹೊಸ ಬಟ್ಟೆ ಹೊಲಿಯುವುದು ಅಪರೂಪ. ಬೇರೆಯವರು ಹೊಲಿದದ್ದನ್ನು ಬಿಚ್ಚಿ ಸರಿಮಾಡುವುದೇ ಅವಳ ಹೊಟ್ಟೆಪಾಡು. ಅಂಗಡಿಗೆ ಬಂದ ಯಾವ ಅಂಗಿ ಕಂಡರೂ ಮೂಗು ಮುರಿಯುತ್ತಾಳೆ. "ಇದನ್ನ ಹೊಲಿದವನಿಗೆ ಕಣ್ಣಿತ್ತಾ?" ಎಂದು ಕೇಳಿದ ಮೇಲೆಯೇ ಗಿರಾಕಿಯನ್ನು ಕೂರಿಸುವುದು.

ಇಂಥವಳು ಮೊಣಕಾಲು ನೋವೆಂದು ಮಲಗಿದ್ದಾಗ ನಾನೇ ವಿಡಿಯೋ ಗೇಮಿನ ಹುಚ್ಚು ಹಿಡಿಸಿದೆ. ರಾಜ್ಯ ಕಳೆದುಕೊಂಡ ರಾಣಿಯೊಬ್ಬಳು ಕಾಡುಮೇಡು ಅಲೆಯುವ ಆಟ. ಅತ್ತೆ ಸ್ವಂತ ದುಡ್ಡಲ್ಲಿ ಕೊಂಡಳು, ರಾಣಿಯನ್ನು ಮಗಳ ಹಾಗೆ ಹಚ್ಚಿಕೊಂಡಳು. ಆದರೆ ಆ ಕಣ್ಣು ಸುಮ್ಮನಿರಬೇಕಲ್ಲ!

"ಇಷ್ಟೊಂದು ಬೀಗದಕೈ ಹೊತ್ಕೊಂಡು ತಿರುಗ್ತಾಳೆ, ಅಂಗೀಲಿ ಒಂದು ಜೇಬಿಲ್ಲ. ಇದೆಂಥಾ ಅನ್ಯಾಯ ಕಣೆ?"

ನನ್ನ ಪ್ರಾಣ ತಿಂದು, ಆಟದೊಳಗಿನ ಚಿತ್ರಗಳನ್ನು ಬದಲಿಸುವುದು ಕಲಿತಳು. ರಾಣಿಗೆ ಎರಡು ಜೇಬು ಬಂದವು. ಖಳನಾಯಕನಿಗೆ ಹೂಹೂವಿನ ಪೈಜಾಮ ಬಂತು. ಅವನು ಗರ್ಜಿಸಿದಾಗಲೆಲ್ಲ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅಷ್ಟಕ್ಕೇ ನಿಲ್ಲದೆ ಅತ್ತೆ ಅದನ್ನು ಇಂಟರ್ನೆಟ್ಟಿಗೂ ಏರಿಸಿದಳು. ಎಲ್ಲೆಲ್ಲಿಯವರೋ ಇಳಿಸಿಕೊಂಡರು.

ಆಟದ ಕಂಪನಿಯಿಂದ ಇಮೇಲ್ ಬಂತು: ಬದಲಿಸಿದ ಚಿತ್ರಗಳನ್ನು ವಾರದೊಳಗೆ ತೆಗೆಯದಿದ್ದರೆ ಖಾತೆ ರದ್ದು. ರದ್ದಾದರೆ ರಾಣಿಯೂ ಇಲ್ಲ, ಅತ್ತೆ ಹೆಣಗಾಡಿ ಗೆದ್ದ ಕೋಟೆಗಳೂ ಇಲ್ಲ. ವಕೀಲರೊಬ್ಬರ ಬಳಿ ಗುಮಾಸ್ತರಾಗಿರುವ ಅಪ್ಪ ಷರತ್ತುಗಳನ್ನೆಲ್ಲ ಓದಿ ತಲೆ ಕೆರೆದುಕೊಂಡರು.

"ಅಕ್ಕಾ, ನೀನು ಕೊಂಡಿದ್ದು ಆಟ ಅಲ್ಲ, ಆಡೋ ಅನುಮತಿ ಅಷ್ಟೆ. ಓದದೇ ಒಪ್ಕೊಂಡಿದೀಯ."

"ದುಡ್ಡು ಇಸ್ಕೊಳ್ಳುವಾಗ ಅನುಮತಿ ಅಂದ್ರಾ? ಕೊಳ್ಳಿ ಅಂದ್ರು, ಕೊಂಡೆ. ಕೊಂಡ ಮೇಲೆ ಹೊಲಿದವನಿಗೆ ಅಲ್ಲೇನು ಕೆಲಸ?"

ಇದೇ ರಂಪ ನಡೆಯುತ್ತಿರುವಾಗ ಚಿಕ್ಕತ್ತೆ ಬಂದಳು. ಅತ್ತೆ ತಂಗಿಗೆಂದು ಆಸೆಪಟ್ಟು ಹೊಲಿದುಕೊಟ್ಟ ಕೋಟು ಮೈಮೇಲಿತ್ತು, ತೋಳುಗಳು ಮಾತ್ರ ಇರಲಿಲ್ಲ. ಸೆಕೆಯೆಂದು ಎದುರು ಅಂಗಡಿಯ ದರ್ಜಿಯಿಂದ ಕತ್ತರಿಸಿ ಹಾಕಿಸಿದ್ದಳಂತೆ.

ಅತ್ತೆ ಕೆಂಡಾಮಂಡಲವಾದಳು. "ನನ್ನ ಹೊಲಿಗೆಗೆ ಕತ್ತರಿ ಹಾಕೋಕೆ ಅವನ್ಯಾರು? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೊಟ್ಟ ಮೇಲೆ ಅದು ನಂದಲ್ವಾ ಅಕ್ಕ?" ಎಂದಳು ಚಿಕ್ಕತ್ತೆ, ಏನೂ ಅರಿಯದೆ.

ಅಪ್ಪ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು. ಅತ್ತೆಯ ಕಣ್ಣಲ್ಲಿ ನೀರು ಬಂತು. ನಿಜಕ್ಕೂ ನೊಂದಿದ್ದಳು, ಪಾಪ. ಒಂದು ಲೋಟ ನೀರು ಕುಡಿದು, ನನ್ನ ಕೈಲಿ ಕಂಪನಿಗೆ ಉತ್ತರ ಬರೆಸಿದಳು:

"ಸ್ವಾಮಿ, ನಿಮ್ಮ ಸಂಕಟ ಇವತ್ತು ನನಗೂ ಗೊತ್ತಾಯ್ತು. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತೆ. ನಾನು ಹೊಲಿದ ಕೋಟಿನ ತೋಳನ್ನ ನನ್ನ ತಂಗಿ ಕತ್ತರಿಸಿದ್ಲು. ಬಾಯಿಗೆ ಬಂದ ಹಾಗೆ ಬೈದೆ, ಆದ್ರೆ ಕೋಟು ಕಿತ್ಕೊಳ್ಳಲಿಲ್ಲ. ನೀವೂ ಚೆನ್ನಾಗಿ ಬೈಯಿರಿ, ಆಟ ಕಿತ್ಕೋಬೇಡಿ. ಜೇಬು ಮಾತ್ರ ನಾನು ತೆಗೆಯೋದಿಲ್ಲ."

ವಾರ ಕಳೆದ ಕೂಡಲೇ ಖಾತೆ ರದ್ದಾಯಿತು. ಉತ್ತರ ಬರಲಿಲ್ಲ. ಅತ್ತೆ ದಿನವೂ ಇಮೇಲ್ ತೆಗೆಸಿ ನೋಡಿದಳು, ಕೊನೆಗೊಂದು ದಿನ ನನ್ನನ್ನೇ ಕೇಳಿದಳು: "ಒಂದು ಮಾತು ಬೈಯೋಕೂ ಅಲ್ಲಿ ಮನುಷ್ಯರಿಲ್ವೇನೆ?"