ಜೋಡಿಯಿಲ್ಲದ ನೀಲಿ ಹಾಳೆ

ಆ ಬೀದಿಯಲ್ಲಿ ತಣ್ಣಕ್ಕ ಎಂದರೆ ಸಣ್ಣ ಮಕ್ಕಳೂ ಅಂಗಡಿ ತೋರಿಸುತ್ತವೆ. ಹೆತ್ತವರು ಇಟ್ಟ ಹೆಸರು ಬೇರೆ; ಅದು ಈಗ ಅವಳ ಗಂಡನಿಗೂ ಥಟ್ಟನೆ ನೆನಪಾಗುವುದಿಲ್ಲ. ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಕಾದು ಕೆಂಡವಾದಾಗ ಅದನ್ನು ಬಿಚ್ಚಿ, ಬಿಸಿ ಹೊರಗೆಳೆಯುವ ಪೇಸ್ಟು ಒಣಗಿ ಬಿರುಕುಬಿಟ್ಟಿದ್ದರೆ ಅದನ್ನು ಒರೆಸಿ, ಹೊಸದು ಹಚ್ಚಿ ತಣ್ಣಗೆ ಮಾಡಿಕೊಡುವುದು ಅವಳ ಕೆಲಸ. ಮೊದಲು ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸುತ್ತಿದ್ದವಳು. ಬೇಕರಿ ಮುಚ್ಚಿತು, ಪಳಗಿದ ಕೈ ಉಳಿಯಿತು. ಕಾರ್ಡಿನ ಚಿಪ್ಪಿನ ಮೇಲೆ ಎಷ್ಟು ಪೇಸ್ಟು ಬೀಳಬೇಕೆಂದು ಆ ಕೈಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೀದಿಗೆಲ್ಲ ಬೇಕಾದವಳಿಗೆ ಒಡಹುಟ್ಟಿದ ತಂಗಿಯನ್ನು ಮಾತ್ರ ನಂಬಿಸಲು ಆಗಿರಲಿಲ್ಲ. ತಂಗಿ ಕಂಪ್ಯೂಟರಿನಲ್ಲಿ ಆನಿಮೇಷನ್ ಚಿತ್ರ ಮಾಡುವವಳು. ಯಂತ್ರ ಕೆಟ್ಟರೆ ದೊಡ್ಡ ಶೋರೂಮಿಗೆ ಒಯ್ಯುತ್ತಿದ್ದಳೇ ಹೊರತು ಅಕ್ಕನ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. "ಕೇಕು ಮಾಡ್ತಿದ್ದೋಳ ಕೈಗೆ ಹೇಗೆ ಕೊಡ್ಲಿ?" ಎಂದು ಯಾರಲ್ಲೋ ಅಂದದ್ದು ತಣ್ಣಕ್ಕನ ಕಿವಿಗೂ ಬಿದ್ದಿತ್ತು. ಅವಳು ಮೇಲೆ ನಕ್ಕಿದ್ದಳು, ಆದರೆ ಒಳಗೊಳಗೇ ನೊಂದುಕೊಂಡಿದ್ದಳು.

ಅಂಥ ತಂಗಿ ಒಂದು ಬೆಳಿಗ್ಗೆ ಕಾರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದು ನಿಂತಳು.

"ಅಕ್ಕ, ಶೋರೂಮ್‌ನವ್ರು ವಾರ ಬೇಕು ಅಂತಾರೆ. ನನ್ನ ಮೊದಲ್ನೇ ಸ್ವಂತ ಚಿತ್ರ, ಸಂಜೆ ಒಳಗೆ ಕಳಿಸ್ಲೇಬೇಕು. ಇದು ನೋಡಿದ್ರೆ ಅರ್ಧಕ್ಕೇ ಬಿಸಿಯಾಗಿ ಆಫ್ ಆಗುತ್ತೆ."

"ಕೂತ್ಕೋ. ಏನೂ ಮುಟ್ಬೇಡ," ಎಂದಳು ತಣ್ಣಕ್ಕ. ಇವತ್ತು ಕೈ ತಪ್ಪಿದರೆ ಇವಳು ಮತ್ತೆ ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಸ್ಕ್ರೂ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಚಿಪ್ಪನ್ನು ಫಳಫಳ ಒರೆಸಿದಳು. ಸುತ್ತಲಿನ ಮೆಮೊರಿ ಚಿಪ್ಪುಗಳ ಮೇಲೆ ಮೆತ್ತನೆಯ ಪ್ಯಾಡು ಕತ್ತರಿಸಿ ಕೂರಿಸಿದಳು. ಪ್ರತಿ ಪ್ಯಾಡಿನ ಎರಡೂ ಬದಿಗೆ ತೆಳ್ಳನೆಯ ನೀಲಿ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಅದನ್ನು ಸುಲಿಯದೆ ಮುಚ್ಚಿದರೆ ಬಿಸಿ ಒಳಗೇ ಉಳಿಯುತ್ತದೆ. ಮೊದಮೊದಲು ಎಲ್ಲ ಸರಿಯಿದ್ದಂತೆ ಕಂಡು, ಭಾರಿ ಕೆಲಸದ ನಡುವೆ ಕೈಕೊಡುತ್ತದೆ. ಅದಕ್ಕೇ ಸುಲಿದ ಹಾಳೆಗಳನ್ನು ಅವಳು ಮೇಜಿನ ಅಂಚಿಗೆ ಜೋಡಿ ಜೋಡಿಯಾಗಿ ಅಂಟಿಸುತ್ತಾಳೆ. ಜೋಡಿ ನೋಡದೆ ಕಾರ್ಡು ಕೈಬಿಟ್ಟವಳಲ್ಲ.

ಮಧ್ಯೆ ಅವಳ ಗಂಡ ಇಣುಕಿದ. ಪಕ್ಕದ ಕ್ಷೌರದಂಗಡಿ ಅವನದೇ. ಕಂಡವರ ಕೂದಲು ಕತ್ತರಿಸುವವನ ತಲೆಯಲ್ಲಿ ಒಂದೆಳೆ ಕೂದಲಿಲ್ಲ. ಬಿದ್ದ ಸ್ಕ್ರೂ ಹುಡುಕಿಕೊಡುತ್ತೇನೆಂದು ಮೇಜಿನಡಿ ನುಗ್ಗಿ, ಏಳುವಾಗ ಅಂಚಿಗೆ ತಲೆ ಹೊಡೆಸಿಕೊಂಡ.

"ರೀ, ನಿಮ್ಮ ಸಹಾಯ ಸಾಕು. ಗಿರಾಕಿ ಕಾಯ್ತಿದಾರೆ, ಹೋಗಿ!"

ಹೊಸ ಪೇಸ್ಟು ಹಚ್ಚಿ ಕಾರ್ಡು ಮುಚ್ಚಿ, ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿ ಓಡಿಸಿದಾಗ ತಣ್ಣಗೇ ಓಡಿತು. ತಂಗಿ ಟವೆಲ್ ಬಿಡಿಸಿ ಎದ್ದಳು. ತಣ್ಣಕ್ಕ ಮೇಜಿನ ಅಂಚು ನೋಡಿದಳು. ಕೊನೆಯ ಹಾಳೆಗೆ ಜೋಡಿಯಿರಲಿಲ್ಲ.

"ತಡಿ. ಮತ್ತೆ ಬಿಚ್ಬೇಕು."

"ಯಾಕೆ? ಚೆನ್ನಾಗೇ ಓಡ್ತಿದೆಯಲ್ಲ!"

"ಒಂದು ಹಾಳೆ ಕಾಣ್ತಿಲ್ಲ. ಒಳಗೇ ಬಿಟ್ಟಿದೀನೋ ಏನೋ."

"ನಾನು ಹೆದರಿದ್ದೇ ಇದಕ್ಕೆ," ಎಂದು ತಂಗಿ ದೊಪ್ಪನೆ ಕುಳಿತಳು.

ಬಾಯಿ ಮುಚ್ಚಿಕೊಂಡು ಕೊಟ್ಟು ಕಳಿಸಿದ್ದರೆ ಮಾನ ಆ ಹೊತ್ತಿಗೆ ಉಳಿಯುತ್ತಿತ್ತು. ಆದರೆ ತಣ್ಣಕ್ಕ ಸ್ಕ್ರೂಗೆ ಕೈ ಹಾಕಿದಳು. ಒಂದೊಂದೇ ಪ್ಯಾಡು ಎತ್ತಿ ನೋಡಿದಳು, ಒಳಗೆ ಹಾಳೆಯಿಲ್ಲ. ಕಸದ ಬುಟ್ಟಿಯಲ್ಲೂ ಇಲ್ಲ, ನೆಲದ ಮೇಲೂ ಇಲ್ಲ. ಪೇಸ್ಟನ್ನು ಮತ್ತೆ ಒರೆಸಿ, ಮತ್ತೆ ಹಚ್ಚಿ ಮುಚ್ಚಿದಳು.

ಅಷ್ಟರಲ್ಲಿ ಗಂಡ ಚಹಾ ತಂದು, ಬಗ್ಗಿ ಲೋಟ ಇಟ್ಟ. ನುಣ್ಣನೆಯ ನೆತ್ತಿಯ ಮೇಲೆ ನೀಲಿ ಹಾಳೆ ಅಚ್ಚುಕಟ್ಟಾಗಿ ಕೂತಿತ್ತು! ಅಲ್ಲಿಯವರೆಗೆ ಅವನ ಗಿರಾಕಿಗಳೆಲ್ಲ ಕನ್ನಡಿಯಲ್ಲಿ ಅದನ್ನು ನೋಡಿದ್ದರು. ಕತ್ತಿ ತಮ್ಮ ಕುತ್ತಿಗೆಯ ಮೇಲಿದ್ದುದರಿಂದ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಭಾವ, ಅಲ್ಲಾಡ್ಬೇಡಿ," ಎಂದು ಹಾಳೆಯನ್ನು ಮೆಲ್ಲಗೆ ಸುಲಿದು, ಮೇಜಿನ ಅಂಚಿನಲ್ಲಿ ಒಂಟಿಯಾಗಿದ್ದುದರ ಪಕ್ಕ ತಾನೇ ಅಂಟಿಸಿದಳು. ನಗು ನಿಂತ ಮೇಲೂ ಅದನ್ನೇ ನೋಡುತ್ತಿದ್ದಳು.

ಸಂಜೆಗೆ ಚಿತ್ರ ಹೋಯಿತು. ಮರುದಿನ ತಂಗಿ ಮತ್ತೆ ಬಂದಳು. ಈ ಸಲ ಟವೆಲ್ಲಲ್ಲ, ದೊಡ್ಡ ಚೀಲ.

"ನಮ್ಮ ಆಫೀಸಿನೋರ ಕಾರ್ಡುಗಳು ಅಕ್ಕ. ಬೇರೆಯವ್ರ ಕೈಗೆ ಕೊಡೋಕೆ ಧೈರ್ಯ ಬರ್ಲಿಲ್ಲ."

ತಣ್ಣಕ್ಕನ ಕಣ್ಣು ತುಂಬಿ ಬಂತು. ಅದನ್ನು ಮರೆಸಲು ಗೋಡೆಯಾಚೆಗೆ ಕೂಗಿದಳು: "ರೀ, ಇವತ್ತು ಈ ಕಡೆ ಬಂದ್ರೆ ಟೋಪಿ ಹಾಕ್ಕೊಂಡು ಬನ್ನಿ!"